ಎರಡನೇ ಕಣಜದ ಜೋಳ

ನನ್ನ ಭಾವ ಅರ್ಮಾನ್ ಜೋಳದ ಕಣಜದೊಳಗೆ ಸಿಕ್ಕಿಕೊಂಡ ಮಧ್ಯಾಹ್ನ ನಾನೂ ನನ್ನ ಅಕ್ಕ ಒಡೆಟ್ಟೂ ಪೇಟೆಯ ಇಗರ್ಜಿಯ ಅಡುಗೆಮನೆಯಲ್ಲಿ ನಿಂತು ಹಿಟ್ಟು ಲಟ್ಟಿಸುತ್ತಿದ್ದೆವು. ಭಾನುವಾರದ ಊಟಕ್ಕೆ ಹಿಟ್ಟಿನ ಹಾಳೆಯೊಳಗೆ ಹಂದಿಮಾಂಸ ತುಂಬಿ ಬೇಯಿಸುವ ತೂರ್ತಿಯೇರ್ ಆಗಬೇಕಿತ್ತು. ಫೆಬ್ರವರಿ ತಿಂಗಳು. ನಮ್ಮ ರೆಡ್ ನದಿಯ ಬಯಲಿನಲ್ಲಿ ಆಗ ಹೊಸ ಹಿಮವೇ ಬೀಳಬೇಕೆಂದಿಲ್ಲ, ಬಿದ್ದಿರುವುದನ್ನೇ ಗಾಳಿ ಎಬ್ಬಿಸಿ ಓಡಿಸುತ್ತದೆ. ಕಿಟಕಿಯಾಚೆ ಇಗರ್ಜಿಯ ಬೇಲಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು.

ಅಕ್ಕನ ಫೋನು ಹಿಟ್ಟಿನ ಡಬ್ಬಿಗೆ ಒರಗಿಕೊಂಡು ನಿಂತಿತ್ತು. ಅವಳ ಕೊಟ್ಟಿಗೆಯ ಹಸುಗಳಿಗೆಲ್ಲ ಕೊರಳಲ್ಲಿ ಒಂದೊಂದು ಪಟ್ಟಿ ಇದೆ. ಯಾವುದು ಮೆಲುಕು ಹಾಕಲಿಲ್ಲ, ಯಾವುದು ಬಹಳ ಹೊತ್ತು ಮಲಗಿತು ಎನ್ನುವುದೆಲ್ಲ ಫೋನಿಗೆ ಬರುತ್ತದೆ. ಹಾಲು ಕರೆಯುವುದು ಯಂತ್ರ. ಮೇವು ಬೆರೆಸುವುದೂ ಯಂತ್ರವೇ. ಹೀಗಾಗಿ ಫೋನು ಸುಮ್ಮನಿರುವುದು ಅಪರೂಪ. ಅದು ಟಿಂಗ್ ಎಂದಾಗಲೆಲ್ಲ ಎದುರಿಗಿದ್ದ ತೆರೇಜ್ ಕಾಲೆಳೆಯುತ್ತಿದ್ದಳು.

"ಯಾವ ಹಸುಗೆ ಸೀನು ಬಂತು ಒಡೆಟ್?"

"ಸೀನು ಗೊತ್ತಾಗಲ್ಲ. ಹೊಟ್ಟೆ ಸರಿ ಇಲ್ದಿದ್ರೆ ಗೊತ್ತಾಗತ್ತೆ."

"ಹಂಗಾದ್ರೆ ನಮ್ಮನೆಯವ್ರಿಗೂ ಒಂದು ಪಟ್ಟಿ ತರಿಸ್ಕೊಡು. ಹೊಟ್ಟೆ ಸರಿ ಇಲ್ಲ ಅಂತ ದಿನಾ ಬಾಯಲ್ಲಿ ಹೇಳೋದಾದ್ರೂ ತಪ್ಪತ್ತೆ."

ಎಲ್ಲರೂ ನಗುತ್ತಿದ್ದಾಗಲೇ ಫೋನು ಬೇರೆ ದನಿಯಲ್ಲಿ ಕೂಗಿತು. ಅದು ಹಸುವಿನದಲ್ಲ, ಕಣಜದ್ದು.

ಅಕ್ಕನ ಮನೆಯಲ್ಲಿ ನಾಲ್ಕು ಉಕ್ಕಿನ ಕಣಜಗಳಿವೆ, ಒಂದೊಂದೂ ಮೂರಂತಸ್ತಿನ ಮನೆಯಷ್ಟು ಎತ್ತರ. ಕಣಜದ ತಳದಲ್ಲಿ ಮೆಕ್ಕೆಜೋಳವನ್ನು ಹೊರಗೆಳೆಯುವ ಉದ್ದನೆಯ ಉಕ್ಕಿನ ತಿರುಪು ಇದೆ. ಮೇವಿನ ಶೆಡ್ಡಿನಲ್ಲಿ ಜೋಳ ಕಡಿಮೆಯಾದರೆ ತಿರುಪು ತಾನಾಗಿ ತಿರುಗಿ, ಬೇಕಾದಷ್ಟು ಎಳೆದುಕೊಂಡು, ತಾನಾಗಿ ನಿಲ್ಲುತ್ತದೆ. ಯಾರೂ ಹೋಗಬೇಕಿಲ್ಲ. ಒಳಗೆಷ್ಟು ಜೋಳವಿದೆ ಎಂಬುದನ್ನು ಫೋನು ಚಿತ್ರ ಬರೆದು ತೋರಿಸುತ್ತದೆ. ಬೂದು ಬಣ್ಣದ ಕಣಜ, ಅದರೊಳಗೆ ಹಳದಿ ಜೋಳ. ಈಗ ಎರಡನೇ ಕಣಜದ ಕೆಳಗೆ ಜೋಳ ಬರುತ್ತಿಲ್ಲ ಎಂದು ಬಂದಿತ್ತು. ಹೋದ ಶರತ್ಕಾಲದಲ್ಲಿ ಹಿಮ ಬೇಗ ಬಿದ್ದು, ಒದ್ದೆ ಜೋಳವನ್ನೇ ಅವಸರದಲ್ಲಿ ತುಂಬಿದ್ದರು. ಅದೆಲ್ಲೋ ಹೆಪ್ಪುಗಟ್ಟಿತ್ತು.

ಅಕ್ಕನ ಕೈಯೆಲ್ಲ ಹಿಟ್ಟು. ನಾನೇ ಅರ್ಮಾನನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆ.

"ಎರಡನೇದು ಕಟ್ಕೊಂಡಿದೆ, ನೋಡಿದ್ಯಾ?" ಎಂದಳು ಅಕ್ಕ.

"ನೋಡ್ದೆ. ಅಲ್ಲಿಗೇ ಹೋಗ್ತಾ ಇದೀನಿ. ಮೇಲಿನ ಬಾಗ್ಲಿಂದ ಕೋಲಲ್ಲಿ ತಿವಿದ್ರೆ ಒಡೆಯತ್ತೆ."

"ಒಳಗೆ ಇಳೀಬೇಡ."

"ಇಳಿಯಲ್ಲ ಮಾರಾಯ್ತಿ."

"ಮೇನ್ ಸ್ವಿಚ್ ತೆಗ್ದು ಹೋಗು."

"ಆ ಪೆಟ್ಟಿಗೆ ಮುಂದೆ ನನ್ನೆತ್ತರ ಹಿಮ ಬಿದ್ದಿದೆ. ಅದನ್ನ ತೋಡೋವಷ್ಟರಲ್ಲಿ ಹಸುಗಳು ಉಪವಾಸ ಬೀಳ್ತಾವೆ. ಫೋನಲ್ಲೇ ನಿಲ್ಸಿದೀನಿ, ಕೆಂಪಗೆ ತೋರಿಸ್ತಿದೆ. ಸದ್ದೂ ಇಲ್ಲ. ಇನ್ನೇನು ಬೇಕು ನಿಂಗೆ?"

"ಟೋಪಿ ಹಾಕ್ಕೊ."

"ಹಾಕ್ಕೊಂಡಿದೀನಿ," ಎಂದು ನಕ್ಕು ಇಟ್ಟ.

ನಾವು ಮತ್ತೆ ಕೆಲಸಕ್ಕೆ ಬಿದ್ದೆವು. ಸ್ವಲ್ಪ ಹೊತ್ತಿಗೆ ಫೋನಿನ ಮೇಲಿನ ಎಚ್ಚರಿಕೆ ಹೋಗಿ ಹಸಿರು ಬಂತು. ತಿರುಪು ತಿರುಗುತ್ತಿದೆ, ಜೋಳ ಬರುತ್ತಿದೆ. "ಒಡೀತು ಅನ್ಸತ್ತೆ," ಎಂದು ಅಕ್ಕ ನೆಮ್ಮದಿಯಿಂದ ಇನ್ನೊಂದು ಉಂಡೆ ತೆಗೆದುಕೊಂಡಳು. ನನಗೂ ಏನೂ ಅನ್ನಿಸಲಿಲ್ಲ. ಮನೆಯಲ್ಲಿರುವ ದೊಡ್ಡ ತಟ್ಟೆಗಳನ್ನು ಸಂಜೆ ತಂದುಕೊಡಲು ಹೇಳೋಣವೆಂದು ಅವಳು ಅವನಿಗೆ ಮತ್ತೆ ಫೋನು ಮಾಡಿಸಿದಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಇನ್ನೊಮ್ಮೆ ಮಾಡಿದೆ. ಅರ್ಮಾನ್ ಎಂಥ ಕೆಲಸದಲ್ಲಿದ್ದರೂ ಅಕ್ಕನ ಫೋನು ಎತ್ತದೆ ಇರುವವನಲ್ಲ.

ಅಕ್ಕ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನು ಎತ್ತಿಕೊಂಡಳು. ಮನೆಯವರ ಫೋನುಗಳು ಎಲ್ಲೆಲ್ಲಿವೆ ಎಂದು ತೋರಿಸುವ ನಕ್ಷೆ ತೆರೆದಳು. ಅರ್ಮಾನನ ನೀಲಿ ಚುಕ್ಕೆ ಎರಡನೇ ಕಣಜದ ಮೇಲಿತ್ತು. ಪಕ್ಕದಲ್ಲಲ್ಲ, ಸರಿಯಾಗಿ ನಡುವೆ.

"ಏಣಿ ಮೇಲಿರ್ಬೇಕು," ಎಂದೆ ನಾನು.

ಅವಳು ಕಣಜದ ಚಿತ್ರಕ್ಕೆ ಹಿಂದಿರುಗಿ, ಹಸಿರು ಗುರುತಿನ ಕೆಳಗಿದ್ದ ಸಣ್ಣ ಅಕ್ಷರಗಳನ್ನು ಕಣ್ಣಿನ ಹತ್ತಿರ ತಂದು ಓದಿದಳು. ಯಾರಾದರೂ ತಿರುಪನ್ನು ಶುರು ಮಾಡಿದರೆ ಅಲ್ಲಿ ಅವರ ಹೆಸರು ಬರುತ್ತದೆ. ಈಗ ಅಲ್ಲಿ ಹೆಸರಿರಲಿಲ್ಲ. ತಾನಾಗಿ ಶುರುವಾಗಿದೆ ಎಂದಿತ್ತು.

ಅವಳು ನಿಲ್ಲಿಸುವ ಗುಂಡಿ ಒತ್ತಿದಳು. ಬೆರಳಿಗೆ ಅಂಟಿದ ಹಿಟ್ಟಿನಿಂದ ಅದು ಒತ್ತಿಕೊಳ್ಳಲಿಲ್ಲ. ಪರದೆಯನ್ನು ಉಜ್ಜಿ ಮತ್ತೆ ಒತ್ತಿದಳು. ಒಂದು ಸಣ್ಣ ವೃತ್ತ ಸುತ್ತತೊಡಗಿತು. ಸಂಪರ್ಕಕ್ಕಾಗಿ ಕಾಯಿರಿ ಎಂದು ಬಂತು. ವೃತ್ತ ಸುತ್ತುತ್ತಲೇ ಇತ್ತು.

"ಅವನು ಒಳಗಿದಾನೆ," ಎಂದಳು. ನನ್ನತ್ತ ತಿರುಗಿದಳು, ದನಿ ಎತ್ತರಿಸಲೂ ಇಲ್ಲ. "ಜೋಸ್, ಅವನು ಒಳಗಿದಾನೆ, ಅದು ತಿರುಗ್ತಾ ಇದೆ."

ಅಲ್ಲಿದ್ದ ಹೆಂಗಸರೆಲ್ಲ ಬೇಸಾಯದ ಮನೆಯವರೇ. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಕೆಳಗಿನಿಂದ ಎಳೆಯುತ್ತಿರುವಾಗ ಜೋಳದ ಮೇಲೆ ಕಾಲಿಟ್ಟವನನ್ನು ಅದು ನೀರಿಗಿಂತ ಬೇಗ ಒಳಗೆ ಸೆಳೆದುಕೊಳ್ಳುತ್ತದೆ. ಈಜಲು ಬರುವುದಿಲ್ಲ. ಎದೆಯವರೆಗೆ ಹೂತರೆ ಉಸಿರು ಬಿಟ್ಟಷ್ಟೂ ಕಾಳು ಒಳಸರಿದು ಬಿಗಿಯುತ್ತದೆ, ಮತ್ತೆ ಉಸಿರೆಳೆಯಲು ಜಾಗ ಬಿಡುವುದಿಲ್ಲ. ತೆರೇಜ್ ಆಗಲೇ ಗೋಡೆಯ ಫೋನಿನಲ್ಲಿ ಅಗ್ನಿಶಾಮಕದವರನ್ನು ಕರೆಯುತ್ತಿದ್ದಳು. ಅಕ್ಕ ಏಪ್ರನ್ ಬಿಚ್ಚಲೂ ಇಲ್ಲ. ನಾನು ಇಬ್ಬರ ಕೋಟುಗಳನ್ನೂ ಟೋಪಿಗಳನ್ನೂ ಬಾಚಿಕೊಂಡು ಅವಳ ಹಿಂದೆ ಓಡಿದೆ.

ಕಾರಿನಲ್ಲಿ ಕೂತೊಡನೆ ಅವಳು ಫೋನನ್ನು ನನ್ನ ತೊಡೆಯ ಮೇಲೆ ಹಾಕಿದಳು. "ಒತ್ತುತಾ ಇರು. ನಿಲ್ಸೋದನ್ನ ಒತ್ತುತಾ ಇರು. ಕಾಲೊನಿಗೆ ಫೋನ್ ಮಾಡು."

ಅಕ್ಕನ ಹೊಲದ ಆಚೆ ಬದಿಗೆ ಹಟರೈಟರ ಕಾಲೊನಿ ಇದೆ. ಎಲ್ಲರೂ ಒಂದೇ ಮನೆಯವರಂತೆ ಕೂಡಿ ದುಡಿದು ಕೂಡಿ ಉಣ್ಣುವ ಒಂದು ಕ್ರೈಸ್ತ ಪಂಗಡದ ಜನ. ಅವರಲ್ಲಿ ಕಣಜಗಳು ಅಕ್ಕನಿಗಿಂತ ಹೆಚ್ಚು, ಕಣಜದಲ್ಲಿ ಸಿಕ್ಕವರನ್ನು ಎತ್ತುವ ಸಾಮಾನೂ ಇದೆ. ನನ್ನ ಫೋನಿನಿಂದ ಕರೆದಾಗ ಎತ್ತಿದವರು ಇಲಾಯಸ್ ವೊಲ್ಮನ್, ಅವರ ಬೇಸಾಯ ನೋಡಿಕೊಳ್ಳುವ ಹಿರಿಯರು.

"ಮೇನ್ ಸ್ವಿಚ್ ಎಲ್ಲಿದೆ?" ಎಂದಷ್ಟೇ ಕೇಳಿದರು.

"ಹಾಲು ಕರೆಯೋ ಶೆಡ್ಡಿನ ಬಡಗಣ ಗೋಡೆ. ಹಿಮದಲ್ಲಿ ಮುಚ್ಚಿದೆ," ಎಂದಳು ಅಕ್ಕ ಸ್ಟಿಯರಿಂಗಿನ ಮೇಲಿನಿಂದಲೇ.

"ಅದನ್ನ ತೆಗೆದ್ರೆ ಕೊಟ್ಟಿಗೆ ಕರೆಂಟೂ ಹೋಗತ್ತಮ್ಮ."

"ಹೋಗ್ಲಿ. ಎಲ್ಲಾ ಹೋಗ್ಲಿ."

"ಹೊರಟ್ವಿ," ಎಂದು ಅವರು ಇಟ್ಟರು.

ಪೇಟೆ ದಾಟಿದ ಮೇಲೆ ರಸ್ತೆಯೇ ಇಲ್ಲ. ಆಕಾಶವೂ ನೆಲವೂ ಒಂದೇ ಬಿಳಿ, ಮುಂದೆ ಹಿಮ ಅಡ್ಡಡ್ಡ ಹರಿಯುತ್ತಿತ್ತು. ಅಕ್ಕ ಒಂದೆರಡು ಕಡೆ ಬಾಗಿಲು ತೆರೆದು, ತಲೆ ಹೊರಗೆ ಹಾಕಿ, ರಸ್ತೆಯ ನಡುವಿನ ಗೆರೆ ಹುಡುಕಿಕೊಂಡು ಕಾರು ಓಡಿಸಿದಳು. ಒಳಗೆ ಬಂದ ಗಾಳಿ ಬ್ಲೇಡಿನ ಹಾಗಿತ್ತು. ಒಮ್ಮೆ ಚಕ್ರ ಚರಂಡಿಯ ಕಡೆಗೆ ಜಾರಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಅವಳು ಹಲ್ಲು ಕಚ್ಚಿ ಎಳೆದು ತಂದಳು.

ನಾನು ಒತ್ತುತ್ತಲೇ ಇದ್ದೆ. ವೃತ್ತ ಸುತ್ತುತ್ತಲೇ ಇತ್ತು. ನನ್ನ ಅಪ್ಪಣೆ ಅಲ್ಲಿಗೆ ತಲುಪುತ್ತಿರಲಿಲ್ಲ, ಆದರೆ ಅಲ್ಲಿನ ಚಿತ್ರ ಮಾತ್ರ ನಡುನಡುವೆ ನನಗೆ ತಲುಪುತ್ತಿತ್ತು. ಅದಕ್ಕಿಂತ ತಲುಪದೆ ಇದ್ದಿದ್ದರೇ ವಾಸಿಯಿತ್ತು. ಪ್ರತಿ ಸಲ ಹೊಸ ಚಿತ್ರ ಬಂದಾಗಲೂ ಹಳದಿ ಒಂದು ಕೂದಲಿನಷ್ಟು ಕೆಳಗಿಳಿದಿರುತ್ತಿತ್ತು. ನಕ್ಷೆಗೆ ಹೋಗಿ ನೋಡಿದರೆ ನೀಲಿ ಚುಕ್ಕೆ ಅಲ್ಲಾಡುತ್ತಿರಲಿಲ್ಲ. ನನ್ನ ಕೈಯಲ್ಲಿ, ಬೆಚ್ಚಗಿನ ಕಾರಿನೊಳಗೆ, ಅಂಗೈಯಗಲದ ಗಾಜಿನ ಮೇಲೆ ಆ ಹಳದಿ ಅಷ್ಟು ಶಾಂತವಾಗಿ ಇಳಿಯುತ್ತಿತ್ತು.

"ಎಷ್ಟಿದೆ?" ಎಂದಳು ಅಕ್ಕ.

"ಅಷ್ಟೇ ಇದೆ."

"ಇಳಿದಿಲ್ವಾ?"

"ಇಲ್ಲ. ನಿಂತಿರ್ಬೇಕು ಅನ್ಸತ್ತೆ."

ಹಾಗೆಂದು ನಾನು ಫೋನನ್ನು ಅವಳಿಗೆ ಕಾಣದಂತೆ ಬಾಗಿಲ ಕಡೆಗೆ ತಿರುಗಿಸಿಕೊಂಡೆ. ಅವಳು ಒಮ್ಮೆ ನನ್ನತ್ತ ನೋಡಿ ರಸ್ತೆಗೆ ಕಣ್ಣು ಹಾಕಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೆ ಕೇಳಲಿಲ್ಲ.

ಕಾಲೊನಿಯ ತಿರುವು ದಾಟುವಾಗ ಪರದೆ ಬೂದಾಯಿತು. ಅಕ್ಕನ ಮನೆಯ ಇಂಟರ್ನೆಟ್ಟಿನಿಂದ ಬರುತ್ತಿದ್ದ ಎರಡೂ ಹೋಗಿದ್ದವು, ಚಿತ್ರವೂ ಚುಕ್ಕೆಯೂ. ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು.

"ಕರೆಂಟ್ ತೆಗೆದ್ವಿ. ತಿರುಪು ನಿಂತಿದೆ," ಎಂದರು ಇಲಾಯಸ್.

"ಭಾವ?"

ಗಾಳಿಯ ಸದ್ದು ಕೇಳುತ್ತಿತ್ತು. "ಮೇಲಿನ ಬಾಗ್ಲು ತೆರೆದಿದೆ. ಬ್ಯಾಟರಿ ಹಾಕಿ ನೋಡಿದ್ವಿ. ನಡುವೆ ಗುಂಡಿ ಬಿದ್ದಿದೆ. ಮನುಷ್ಯ ಕಾಣ್ತಿಲ್ಲ. ಕೂಗಿದ್ವಿ, ಉತ್ತರ ಬರ್ಲಿಲ್ಲ. ನೀವು ನಿಧಾನವಾಗಿ ಬನ್ನಿ."

ನಿಧಾನವಾಗಿ ಬನ್ನಿ ಎಂದರೆ ಏನರ್ಥವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಕ್ಕ ಇನ್ನೂ ಜೋರಾಗಿ ಓಡಿಸಿದಳು.

ಅಂಗಳದಲ್ಲಿ ಕಾಲೊನಿಯ ಎರಡು ಲಾರಿಗಳು ನಿಂತಿದ್ದವು. ಕಪ್ಪು ಕೋಟಿನ ಗಂಡಸರು ಏಣಿಯ ಮೇಲೆ ಅಲ್ಯೂಮಿನಿಯಂ ಹಲಗೆಗಳನ್ನು ಸಾಗಿಸುತ್ತಿದ್ದರು. ಕರೆಂಟು ಹೋದದ್ದರಿಂದ ಕೊಟ್ಟಿಗೆಯ ಫ್ಯಾನುಗಳು ನಿಂತು, ಹಸುಗಳು ಕೂಗುತ್ತಿದ್ದವು. ಅಕ್ಕ ನೇರವಾಗಿ ಏಣಿಗೆ ಹೋದಳು. ಇಲಾಯಸ್ ಅಡ್ಡ ನಿಂತರು.

"ಮೇಲೆ ಬೇಡ ಒಡೆಟ್. ಹೆಪ್ಪಿನ ಗಡ್ಡೆಗಳು ಗೋಡೆಗೆ ಅಂಟಿಕೊಂಡು ನಿಂತಿವೆ. ಅದೇನಾದ್ರೂ ಕೆಳಗೆ ಬಿದ್ರೆ..."

"ಅವನೆಲ್ಲಿ?"

"ಗೊತ್ತಿಲ್ಲ. ಎಲ್ಲಿದಾನೆ ಅಂತ ಗೊತ್ತಾಗದೆ ಒಳಗೆ ಕಾಲಿಡೋ ಹಾಗಿಲ್ಲ. ಅವನ ಮೇಲೇ ಕಾಲಿಡಬಹುದು."

ಅಕ್ಕ ಅವರನ್ನು ಬಿಟ್ಟು ಕಣಜದ ಸುತ್ತ ನಡೆಯತೊಡಗಿದಳು. ಉಕ್ಕಿನ ಮೇಲೆ ಕೈ ಇಟ್ಟುಕೊಂಡು, ಹೆಜ್ಜೆ ಹೆಜ್ಜೆಗೂ ನಿಂತು, ಅವನ ಹೆಸರು ಹಿಡಿದು ಕರೆಯುತ್ತ. ಮೊಣಕಾಲವರೆಗಿನ ಹಿಮದಲ್ಲಿ ನಾನು ಹಿಂದೆ ಹೋದೆ. ಬಡಗಣ ದಿಕ್ಕಿಗೆ ಬಂದಾಗ ಅವಳು ಟೋಪಿ ಕಿತ್ತೆಸೆದು ಕಿವಿಯನ್ನು ಉಕ್ಕಿಗೆ ಒತ್ತಿದಳು. ಆ ಚಳಿಯಲ್ಲಿ ಬರಿ ಮೈಯನ್ನು ಲೋಹಕ್ಕೆ ತಾಗಿಸಿದರೆ ಚರ್ಮ ಅಂಟಿಕೊಂಡುಬಿಡುತ್ತದೆ. ನಾನು ಹಿಡಿದೆಳೆಯಲು ಹೋದೆ. ಅವಳು ನನ್ನ ಕೈಯನ್ನು ತಳ್ಳಿ, ಬೆರಳೆತ್ತಿ ಸುಮ್ಮನಿರಲು ಹೇಳಿದಳು.

"ಹಸುಗಳನ್ನ ಸುಮ್ನಿರ್ಸಿ," ಎಂದಳು. ಹಸುಗಳನ್ನು ಯಾರು ಸುಮ್ಮನಿರಿಸುವುದು. ಆದರೂ ಅಂಗಳದಲ್ಲಿದ್ದ ಅಷ್ಟೂ ಜನ ಇದ್ದಲ್ಲೇ ನಿಂತರು.

ಅವಳ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಎಂದುಕೊಂಡೆ. ಅಲ್ಲ, ಅವಳು ಏನನ್ನೋ ಎಣಿಸುತ್ತಿದ್ದಳು.

"ಬಡೀತಿದಾನೆ. ಇಲ್ಲೇ, ಈ ಗೋಡೆ ಹಿಂದೆ. ಬಡೀತಾನೆ, ನಿಲ್ಲಿಸ್ತಾನೆ, ಮತ್ತೆ ಬಡೀತಾನೆ."

ಇಲಾಯಸ್ ಬಂದು ತಮ್ಮ ಟೋಪಿಯ ಮೇಲಿಂದಲೇ ಕಿವಿ ಇಟ್ಟು ಕೇಳಿದರು, ತಲೆಯಾಡಿಸಿದರು. ಜರ್ಮನ್ ಭಾಷೆಯಲ್ಲಿ ಮೇಲಿನವರಿಗೆ ಏನೋ ಕೂಗಿದರು. ಅಕ್ಕನ ಕಿವಿಯನ್ನು ಬಿಡಿಸಲು ಉಗುರುಬೆಚ್ಚಗಿನ ಕಾಫಿ ಹುಯ್ಯಬೇಕಾಯಿತು. ಸ್ವಲ್ಪ ಚರ್ಮ ಉಕ್ಕಿನ ಮೇಲೆಯೇ ಉಳಿಯಿತು. ಅವಳಿಗೆ ಅದು ತಿಳಿದಂತೆಯೇ ಕಾಣಲಿಲ್ಲ.

ಮುಂದಿನದ್ದು ಬಹಳ ಹೊತ್ತು ಹಿಡಿಯಿತು. ಗೋಡೆಗೆ ಒರಗಿ ನಿಂತಿದ್ದ ಹೆಪ್ಪಿನ ಚಪ್ಪಡಿಯೊಂದರ ಕೆಳಗೆ ಅವನಿದ್ದ. ಅದು ಚಪ್ಪರದಂತೆ ತಲೆಯ ಮೇಲೆ ನಿಂತದ್ದರಿಂದ ಮುಖ ಮುಚ್ಚಿರಲಿಲ್ಲ. ಅದೇ ಕಾರಣಕ್ಕೆ ಮೇಲಿನಿಂದ ಕಂಡಿರಲೂ ಇಲ್ಲ. ಹಗ್ಗ ಕಟ್ಟಿಕೊಂಡ ಇಬ್ಬರು ಇಳಿದು, ಚಪ್ಪಡಿಗೆ ಆನಿಕೆ ಕೊಟ್ಟು, ಅವನ ಸುತ್ತ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ ಬಾವಿಯ ಕಟ್ಟೆಯಂತೆ ಇಳಿಸಿದರು. ಆಮೇಲೆ ಅದರೊಳಗಿನ ಜೋಳವನ್ನು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಹಾಕಿದರು. ನಾವು ಕೆಳಗೆ ನಿಂತಿದ್ದೆವು. ಮೇಲಿನಿಂದ ಸಲಿಕೆಯ ಸದ್ದು ಬರುತ್ತಿತ್ತು. ಅದು ನಿಂತಾಗಲೆಲ್ಲ ಅಕ್ಕ ನನ್ನ ತೋಳನ್ನು ಹಿಂಡುತ್ತಿದ್ದಳು. ಒಮ್ಮೆ ಏನೋ ಕುಸಿದ ಸದ್ದಾಗಿ, ಬಾಗಿಲಿನಿಂದ ಹಳದಿ ಧೂಳು ಎದ್ದಿತು. ಆಮೇಲೆ ಮತ್ತೆ ಸಲಿಕೆ ಶುರುವಾಯಿತು.

ಪೇಟೆಯಿಂದ ಅಗ್ನಿಶಾಮಕದವರು ಬಂದು ಮುಟ್ಟುವಷ್ಟರಲ್ಲಿ ಅವನನ್ನು ಸೊಂಟದವರೆಗೆ ಬಿಡಿಸಿದ್ದರು. ಕೆಳಗಿಳಿಸಿದಾಗ ಅವನ ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹುಬ್ಬಿನಲ್ಲಿ, ಕಿವಿಯಲ್ಲಿ, ಹಲ್ಲಿನ ಸಂದಿಯಲ್ಲಿ ಜೋಳದ ಹೊಟ್ಟು. ಸ್ಟ್ರೆಚರಿನ ಪಕ್ಕ ಅಕ್ಕ ಬಾಗಿದಳು.

"ಇಳಿಯಲ್ಲ ಅಂದಿದ್ದೆ," ಎಂದಳು.

"ಒಂದೇ ಕಾಲು ಇಟ್ಟೆ," ಎಂದ ಅವನು. ಅಷ್ಟು ಹೇಳುವುದಕ್ಕೇ ಅವನಿಗೆ ಉಸಿರು ಸಾಲಲಿಲ್ಲ.

ನಡೆದದ್ದೇನೆಂದು ಆಸ್ಪತ್ರೆಯಲ್ಲಿ ಚೂರುಚೂರಾಗಿ ಹೇಳಿದ. ಕೋಲು ತಲುಪಲಿಲ್ಲ. ಹೆಪ್ಪು ಸಿಮೆಂಟಿನಷ್ಟು ಗಟ್ಟಿಯಿತ್ತು. ಬಾಗಿಲಿನಿಂದ ಒಂದು ಕಾಲಿಟ್ಟು ನೋಡಿದ, ತಡೆಯಿತು. ಇನ್ನೊಂದನ್ನೂ ಇಟ್ಟ. ಆಗ ಕಾಲ ಕೆಳಗೆ ಎಲ್ಲೋ ಗುರ್ ಎಂದಿತು. ಕೆಳಗಿನ ಜೋಳ ಸರಿದು ಹೆಪ್ಪು ಮುರಿಯಿತು. ಗೋಡೆಯತ್ತ ಹಾರಿದ, ಅಷ್ಟರಲ್ಲಿ ಎದೆಯವರೆಗೆ ಹೋಗಿದ್ದ. ಒಂದು ಕೈ ಮಾತ್ರ ಮೇಲಿತ್ತು, ಅದರಲ್ಲಿ ಪುಟ್ಟ ಬ್ಯಾಟರಿ. ಅದರಿಂದಲೇ ಬಡಿದದ್ದು.

"ಫೋನು ಜೇಬಲ್ಲಿ, ಎದೆ ಮೇಲೇ ಇತ್ತು," ಎಂದ. "ನೀವು ಮಾಡಿದ್ದೆಲ್ಲಾ ಗೊತ್ತಾಗ್ತಿತ್ತು. ಎದೆ ಮೇಲೆ ಗುಂಯ್ ಅಂತಿತ್ತು. ಕೈ ಅಲ್ಲಿಗೆ ಹೋಗ್ತಿರ್ಲಿಲ್ಲ. ನಿಂತ್ಮೇಲೆ, ಇನ್ನು ಇವಳು ಮಾಡಲ್ಲ, ಬಿಟ್ಬಿಟ್ಳು ಅನ್ಕೊಂಡೆ."

ಅಕ್ಕ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಪಕ್ಕೆಲುಬುಗಳು ಮುರಿದಿದ್ದವು, ಚಳಿಗೆ ಮರಗಟ್ಟಿ ಒಂದು ಕಾಲಿನ ಎರಡು ಬೆರಳು ಹೋದವು. ಮಾರ್ಚಿನಲ್ಲಿ ಮನೆಗೆ ಬಂದ. ಅದೇ ವಾರ ಯಂತ್ರದ ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದ. ಒಳ್ಳೆಯ ಮಾತಿನವನು. ಎಲ್ಲವನ್ನೂ ಬಿಚ್ಚಿ ನೋಡಿ, ಅಡುಗೆಮನೆಯ ಮೇಜಿಗೆ ಕೂತು ವಿವರಿಸಿದ. ಅಪ್ಪಣೆ ಪಡೆಯುವ ಪೆಟ್ಟಿಗೆಯ ಮೇಲೆ ಬೆಳಗಿನಿಂದಲೇ ಮಂಜು ಗಟ್ಟಿಯಾಗಿ ಕೂತು ಅದು ಕಿವುಡಾಗಿತ್ತು. ಅಳತೆ ಕಳಿಸುವ ಪೆಟ್ಟಿಗೆ ಬೇರೆ, ಅದು ಚೆನ್ನಾಗಿಯೇ ಇತ್ತು. ಜೋಳ ಬಾರದಿದ್ದರೆ ತಿರುಪು ತಾನೇ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಪ್ರಯತ್ನಿಸುತ್ತದೆ. ಅರ್ಮಾನ್ ಕೇಳಿಸಿಕೊಂಡ ನಿಶ್ಶಬ್ದ ಅದರದ್ದು, ಅವನು ಒತ್ತಿದ ಗುಂಡಿಯದ್ದಲ್ಲ.

"ಅವರ ಫೋನಲ್ಲಿ ಕೆಂಪು ಬಂದಿತ್ತಲ್ಲ," ಎಂದಳು ಅಕ್ಕ. "ಕೆಂಪು ಅಂದ್ರೆ ನಿಂತಿದೆ ಅಂತ ಅಲ್ವಾ?"

"ಕೆಂಪು ಅಂದ್ರೆ ನಿಲ್ಲು ಅಂತ ನೀವು ಹೇಳಿದೀರಿ ಅಂತ ಮೇಡಂ. ಅದು ನಿಂತಿದೆ ಅಂತಲ್ಲ. ಕೈಪಿಡೀಲಿ ಇದೆ, ಒಳಗೆ ಹೋಗೋವಾಗ ಮೇನ್ ತೆಗೀಬೇಕು ಅಂತ."

ಅಕ್ಕ ಅವನ ಮುಂದಿದ್ದ ಕಾಫಿ ಕಪ್ಪನ್ನು ಎತ್ತಿಕೊಂಡು ಹೋಗಿ, ಅರ್ಧಕ್ಕೂ ಹೆಚ್ಚಿದ್ದ ಕಾಫಿಯನ್ನು ಸಿಂಕಿಗೆ ಸುರಿದು, ಕಪ್ಪು ತೊಳೆದಿಟ್ಟಳು. ಅವನು ಅರ್ಥ ಮಾಡಿಕೊಂಡು ಎದ್ದ.

ಯಂತ್ರಗಳನ್ನು ಅವರು ಬಿಡಲಿಲ್ಲ. ಅಷ್ಟು ಹಸುಗಳನ್ನು ಇಬ್ಬರೇ ಇನ್ನು ಹೇಗೆ ನೋಡಿಕೊಳ್ಳುವುದು? ಮೇನ್ ಸ್ವಿಚ್ಚನ್ನು ಹಿಮ ಮುಟ್ಟದ ಎತ್ತರಕ್ಕೆ, ಕಣಜಗಳ ಎದುರಿನ ಕಂಬಕ್ಕೆ ತಂದರು. ಅದಕ್ಕೊಂದು ಬೀಗ. ಏಣಿ ಹತ್ತುವವರ ಜೇಬಿನಲ್ಲೇ ಅದರ ಕೀಲಿ ಇರಬೇಕು. ಅರ್ಮಾನ್ ಫೋನಿನಲ್ಲಿ ಮೊದಲಿನಂತೆಯೇ ಬೆರಳಾಡಿಸುತ್ತಾನೆ. ಅಕ್ಕನಿಗೆ ಆಗುವುದಿಲ್ಲ. ಮೇವಿನ ಹೊತ್ತಿಗೆ ಚಿತ್ರದಲ್ಲಿ ಹಳದಿ ಇಳಿಯತೊಡಗಿದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಬಂದು ಅವನು ಎಲ್ಲಿದ್ದಾನೆಂದು ನೋಡುತ್ತಾಳೆ. ಅವನು ಕೈಯೆತ್ತಿ ತೋರಿಸುತ್ತಾನೆ. ಆಮೇಲೆ ಒಳಗೆ ಹೋಗುತ್ತಾಳೆ.

ಏಪ್ರಿಲಿನಲ್ಲಿ ನಾನು ಹೋಗಿದ್ದಾಗ, ಪಾತ್ರೆ ಒರೆಸುತ್ತ, ನನ್ನತ್ತ ನೋಡದೆ ಕೇಳಿದಳು. "ಅವತ್ತು ಕಾರಲ್ಲಿ ಎಲ್ಲಿಗೆ ಇಳಿದಿತ್ತು ಆ ಹಳದಿ?"

ನಾನು ಹೇಳಿದೆ. ಅವಳು ಆ ತಟ್ಟೆಯನ್ನು ಬಹಳ ಹೊತ್ತು ಒರೆಸಿದಳು.

"ಒಳ್ಳೇದು ಮಾಡ್ದೆ. ಗೊತ್ತಾಗಿದ್ರೆ ಚರಂಡಿಗೆ ಹಾಕ್ತಿದ್ದೆ ಕಾರನ್ನ."

ಅರ್ಮಾನ್ ಕಣಜದ ವಿಷಯವನ್ನು ಯಾರು ಕೇಳಿದರೂ ತಮಾಷೆ ಮಾಡುತ್ತಾನೆ, ಬೂಟು ಬಿಚ್ಚಿ ಉಳಿದ ಬೆರಳುಗಳನ್ನು ತೋರಿಸುತ್ತಾನೆ. ಅವನಿಗೆ ಹೆದರಿಕೆ ಹೋಗಿದೆಯೆಂದೇ ಎಲ್ಲರೂ ತಿಳಿದಿದ್ದಾರೆ. ಹೋಗಿಲ್ಲವೆಂದು ನನಗೆ ಅಕ್ಕನೇ ಹೇಳಿದ್ದು. ಈಗ ಅವನು ಮೈಮೇಲೆ ಭಾರದ್ದೇನನ್ನೂ ಹಾಕಿಕೊಳ್ಳುವುದಿಲ್ಲ. ಎಂಥ ಚಳಿಗೂ ಒಂದು ತೆಳು ದುಪ್ಪಟಿಯೇ. ಅವಳು ತನ್ನ ಮಗ್ಗುಲಿಗೆ ಎರಡು ಕೌದಿ ಹೊದ್ದು ಮಲಗುತ್ತಾಳೆ. ಮೊದಮೊದಲು ಅವನು ಇದ್ದಾನೋ ಇಲ್ಲವೋ ಎಂದು ಎದೆಯ ಮೇಲೆ ಕೈ ಇಟ್ಟು ನೋಡುತ್ತಿದ್ದಳಂತೆ. ಒಂದು ದಿನ ಅವನು ಮೆಲ್ಲಗೆ, "ಅಲ್ಲಿ ಬೇಡ ಒಡೆಟ್, ಉಸಿರು ಕಟ್ಟತ್ತೆ," ಎಂದ. ಅಂದಿನಿಂದ ಅವಳು ಅವನ ಮಣಿಕಟ್ಟನ್ನು ಹಿಡಿದುಕೊಂಡು ಮಲಗುತ್ತಾಳೆ.